ಅಳಿವೆ ದಾಟುವ ದೋಣಿ

ಮಳೆಗಾಲದ ಒಂದು ಬೆಳಗ್ಗೆ ಗಂಗೊಳ್ಳಿಯ ಅಳಿವೆ ಬಾಗಿಲಲ್ಲಿ ನಿಂತರೆ, ದೋಣಿಯ ವಿಷಯದಲ್ಲಿ ಕಲಿಯಬೇಕಾದ ಅರ್ಧ ಪಾಠ ಅಲ್ಲೇ ಸಿಗುತ್ತದೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ ಐದೂ ಹೊಳೆಗಳ ನೀರು ಒಂದೇ ಬಾಯಿಯಿಂದ ಕೆಂಪಗೆ ಹೊರಗೆ ನುಗ್ಗುತ್ತಿರುತ್ತದೆ. ಎದುರಿನಿಂದ ಕಡಲ ತೆರೆ ಒಳಗೆ ಬರುತ್ತಿರುತ್ತದೆ. ಎರಡೂ ಮುಖಾಮುಖಿಯಾಗುವ ಮರಳದಿಬ್ಬದ ಮೇಲೆ ತೆರೆ ಎದ್ದು ನಿಂತು ಬಿಳಿಯಾಗಿ ಒಡೆಯುತ್ತದೆ. ಮೀನು ಹೇರಿಕೊಂಡು ಬಂದ ನಾಡದೋಣಿ ಅದರಾಚೆ ಕಾದು ನಿಂತಿರುತ್ತದೆ. ದೋಣಿ ನಡೆಸುವ ತಂಡೇಲ ಹಿಂದಕ್ಕೆ ತಿರುಗಿ ತೆರೆ ನೋಡುತ್ತಾನೆ. ಎರಡು ದೊಡ್ಡ ತೆರೆ ಹೋಗಲಿ ಎಂದು ಬಿಡುತ್ತಾನೆ, ಆಮೇಲೆ ಎಂಜಿನ್ ಪೂರ್ತಿ ತಿರುಗಿಸುತ್ತಾನೆ. ಮುಂದಿನ ಒಂದೆರಡು ನಿಮಿಷ ದಡದಲ್ಲಿ ನಿಂತವರು ಯಾರೂ ಮಾತಾಡುವುದಿಲ್ಲ.

"ಹ್ವಾಪುದ್ ಕಷ್ಟ ಅಲ್ಲ ಮಾರಾಯ, ಬಪ್ಪುದ್ ಕಷ್ಟ" ಎಂದು ನಮ್ಮ ಕಡೆಯ ಹಿರಿಯ ತಂಡೇಲರೊಬ್ಬರು ನನಗೆ ಚಿಕ್ಕಂದಿನಲ್ಲಿ ಹೇಳಿದ್ದರು. ಹೋಗುವಾಗ ದೋಣಿ ಹಗುರ, ಮೂತಿ ತೆರೆಗೆ ಎದುರು, ಬರುವುದೆಲ್ಲ ಕಣ್ಣಿಗೆ ಕಾಣುತ್ತದೆ. ಬರುವಾಗ ದೋಣಿ ಭಾರ, ಬಲೆ ಒದ್ದೆ, ಮೈ ಸೋತಿರುತ್ತದೆ, ತೆರೆ ಬೆನ್ನಿಗೆ ಬರುತ್ತದೆ. 2020ರ ಆಗಸ್ಟ್‌ನಲ್ಲಿ ಬೈಂದೂರು ಕಡೆಯ ಕೊಡೇರಿಯಲ್ಲಿ ನಾಲ್ವರನ್ನು ಕಳೆದುಕೊಂಡ ನಾಡದೋಣಿಯೂ ಹಿಂದಿರುಗಿ ಬರುತ್ತಿದ್ದ ದೋಣಿಯೇ.

ಹಾಗಾಗಿ ಹೊಸ ದೋಣಿ ಕೊಳ್ಳುವ ಹುಡುಗರು "ತೂಫಾನಿಗೆ ಯಾವ ದೋಣಿ ಒಳ್ಳೆಯದು?" ಎಂದು ಕೇಳಿದಾಗ ನಾನು ಮೊದಲು ಕೇಳುವುದು, ವಾಪಸು ಎಲ್ಲಿಗೆ ಬರುತ್ತೀರಿ ಎಂದು. ಮರವಂತೆ, ತ್ರಾಸಿಯಂಥ ಬಯಲು ಮರಳ ದಂಡೆಗೋ? ಹೊಳೆಯ ಅಳಿವೆ ದಾಟಿಯೋ? ಮಲ್ಪೆಯಂಥ ಬಂದರಿಗೋ? ಉದ್ದ, ಅಗಲ, ತೂಕ, ಎಂಜಿನ್ ಎಲ್ಲದರ ಲೆಕ್ಕವೂ ಈ ಉತ್ತರದ ಮೇಲೆ ನಿಂತಿದೆ. ದೋಣಿಯಲ್ಲಿ ಒಂದು ಗುಣ ಹೆಚ್ಚಿಸಿದರೆ ಇನ್ನೊಂದು ಕಡೆ ಅದಕ್ಕೆ ಬೆಲೆ ತೆರಬೇಕಾಗುತ್ತದೆ. ಆ ಬೆಲೆಯನ್ನು ಆಳದಲ್ಲಿ ತೆರುತ್ತೇವೋ ಅಳಿವೆಯಲ್ಲಿ ತೆರುತ್ತೇವೋ ಎಂಬುದನ್ನು ಮೊದಲೇ ತಿಳಿದಿರಬೇಕು.

ಮೊದಲು ತೆರೆಯ ಮಾತು. ಹವಾಮಾನ ಮುನ್ಸೂಚನೆಯಲ್ಲಿ "ತೆರೆ 1.5 ಮೀಟರ್" ಎಂದು ಬರುತ್ತದೆ. ಅದು ಅತಿ ದೊಡ್ಡ ತೆರೆಯ ಎತ್ತರ ಎಂದು ಹಲವರು ತಿಳಿಯುತ್ತಾರೆ. ಅದು ಬಂದ ತೆರೆಗಳಲ್ಲಿ ದೊಡ್ಡ ಮೂರನೇ ಒಂದು ಭಾಗದ ಸರಾಸರಿ. ಅದೇ ದಿನ ಅದೇ ನೀರಿನಲ್ಲಿ ಆಗೊಮ್ಮೆ ಈಗೊಮ್ಮೆ ಸುಮಾರು ಇಮ್ಮಡಿ ಎತ್ತರದ ತೆರೆಯೂ ಬರುತ್ತದೆ. ಎತ್ತರವೊಂದೇ ಪೂರ್ತಿ ಕತೆ ಹೇಳುವುದೂ ಇಲ್ಲ. ಒಂದೂವರೆ ಮೀಟರಿನ ತೆರೆ 12 ಸೆಕೆಂಡಿಗೊಮ್ಮೆ ಬಂದರೆ ಆಳದಲ್ಲಿ ಎರಡು ತೆರೆಗಳ ನಡುವಿನ ಅಂತರ ಸುಮಾರು 225 ಮೀಟರ್. ದೋಣಿ ಗುಡ್ಡ ಹತ್ತಿ ಇಳಿದಂತೆ ಮೆತ್ತಗೆ ಏರಿ ಇಳಿಯುತ್ತದೆ, ಅಷ್ಟೇ. ಅದೇ ಎತ್ತರ 5 ಸೆಕೆಂಡಿಗೊಮ್ಮೆ ಬಂದರೆ ಅಂತರ 39 ಮೀಟರಿಗೆ ಇಳಿಯುತ್ತದೆ. ಆಗ ತೆರೆ ಗೋಡೆಯಂತೆ ಕಡಿದಾಗುತ್ತದೆ, ಮೂತಿ ಎತ್ತುವಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಕಡಲಿನ ಮುನ್ಸೂಚನೆ ಕೊಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ 2020ರಿಂದ ಸಣ್ಣ ದೋಣಿಗಳಿಗಾಗಿಯೇ ಪ್ರತ್ಯೇಕ ಎಚ್ಚರಿಕೆ ಕೊಡುತ್ತಿದೆ. ಅದರ ಲೆಕ್ಕದಲ್ಲಿ ತೆರೆಯ ಎತ್ತರದ ಜೊತೆಗೆ ಅದು ಎಷ್ಟು ಕಡಿದಾಗಿದೆ ಎಂಬುದು, ಬರುವ ದಿಕ್ಕುಗಳ ಹರವು, ಗಾಳಿ ಹಠಾತ್ತಾಗಿ ಏರುವ ರೀತಿ ಎಲ್ಲವೂ ಸೇರಿವೆ. ನಮ್ಮ ಹಿರಿಯರು ಕಣ್ಣಳತೆಯಲ್ಲಿ ಮಾಡುತ್ತಿದ್ದ ಲೆಕ್ಕವೂ ಇದೇ.

ಆಳದ ತೆರೆ ಎಷ್ಟೇ ಮೆತ್ತಗಿರಲಿ, ದಡದ ಹತ್ತಿರ ಬಂದಾಗ ಅದರ ಗುಣ ಬದಲಾಗುತ್ತದೆ. ನೀರಿನ ಆಳದ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು ಎತ್ತರವಾದರೆ ತೆರೆ ಒಡೆಯುತ್ತದೆ. ಅಂದರೆ ಮರಳದಿಬ್ಬದ ಮೇಲೆ 2 ಮೀಟರ್ ನೀರಿದ್ದರೆ ಒಂದೂವರೆ ಮೀಟರಿಗಿಂತ ತುಸು ಎತ್ತರದ ತೆರೆ ಅಲ್ಲಿ ಮುರಿದು ಬೀಳುತ್ತದೆ. ಇಳಿತದ ಹೊತ್ತಿಗೆ ನೀರು ಕಡಿಮೆ, ಹೊರಹೋಗುವ ಸೆಳೆತ ಹೆಚ್ಚು. ಎದುರು ಸೆಳೆತಕ್ಕೆ ಸಿಕ್ಕ ತೆರೆ ಮೊಟಕಾಗಿ ಇನ್ನಷ್ಟು ಕಡಿದಾಗುತ್ತದೆ. ಹೊರಗೆ ಕಡಲು ಸುಮಾರಾಗಿದ್ದ ದಿನವೂ ಅಳಿವೆಯಲ್ಲಿ ದೋಣಿ ಮಗುಚುವುದು ಇದರಿಂದ.

ಒಡೆಯುವ ತೆರೆಗೆ ದೋಣಿ ಅಡ್ಡ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೂ ಒಂದು ಅಳತೆಯಿದೆ. 1979ರಲ್ಲಿ ಫಾಸ್ಟ್‌ನೆಟ್ ಹಾಯಿದೋಣಿ ಸ್ಪರ್ಧೆಯಲ್ಲಿ ದೊಡ್ಡ ದುರಂತವಾದ ಮೇಲೆ ಬ್ರಿಟನ್ನಿನಲ್ಲಿ ಮಾದರಿ ದೋಣಿಗಳನ್ನು ಕೊಳದಲ್ಲಿಟ್ಟು ಪರೀಕ್ಷೆ ಮಾಡಿದರು. ದೋಣಿಯ ಉದ್ದದ ಶೇ. 30ರಷ್ಟು ಎತ್ತರದ ಒಡೆಯುವ ತೆರೆ ಅಡ್ಡ ಬಡಿದರೆ ಕೆಲವು ದೋಣಿಗಳು ಮಗುಚಿದವು. ಶೇ. 60ರಷ್ಟಾದರೆ ಯಾವುದೂ ಉಳಿಯಲಿಲ್ಲ. ಆ ಹಾಯಿದೋಣಿಗಳ ತಳಕ್ಕೆ ಭಾರ ಕಟ್ಟಿರುತ್ತದೆ. ನಮ್ಮ ತೆರೆದ ದೋಣಿಗೆ ಆ ಆಸರೆ ಇಲ್ಲ. 6 ಮೀಟರಿನ ದೋಣಿಗೆ ಶೇ. 30 ಎಂದರೆ 1.8 ಮೀಟರ್. ಮಳೆಗಾಲದ ಅಳಿವೆಯಲ್ಲಿ ಅದು ಅಪರೂಪದ ತೆರೆಯಲ್ಲ. 9 ಮೀಟರಿನ ದೋಣಿಗೆ ಅದು 2.7 ಮೀಟರ್ ಆಗುತ್ತದೆ. ಉದ್ದದ ದೋಣಿಯ ಪರವಾಗಿ ಇದಕ್ಕಿಂತ ಬಲವಾದ ವಾದ ನನಗೆ ಗೊತ್ತಿಲ್ಲ.

ಹಾಗಿದ್ದರೆ ಎಲ್ಲರೂ ಉದ್ದದ ದೋಣಿಯನ್ನೇ ಕೊಳ್ಳಬಹುದಲ್ಲ? ದಂಡೆಯ ಮೇಲೆ ಎಳೆಯುವವರು ಯಾರು ಎಂಬ ಪ್ರಶ್ನೆ ಬರುತ್ತದೆ. ದಡಕ್ಕೆ ಎಳೆಯುವ ದೊಡ್ಡ ರಂಪಣಿ ಬಲೆಯ ಕಾಲದಲ್ಲಿ ಒಂದು ಬಲೆಗೆ ಊರೇ ಸೇರುತ್ತಿತ್ತು, ದೊಡ್ಡ ದೋಣಿ ಎಳೆಯಲು ಕೈಗಳಿಗೆ ಬರವಿರಲಿಲ್ಲ. ಇಂದು ನಾಲ್ಕು ಜನ ಹೋಗಿ ನಾಲ್ಕು ಜನ ಬರುವ ದೋಣಿಯನ್ನು ಆ ನಾಲ್ವರೇ ತೆರೆಯ ಬಾಯಿಂದ ಮೇಲಕ್ಕೆ ತರಬೇಕು. ದಡದ ತೆರೆಯಲ್ಲಿ ಎರಡು ನಿಮಿಷ ಹೆಚ್ಚು ಸಿಕ್ಕಿಕೊಂಡ ದೋಣಿ ಮರಳು, ನೀರು ತುಂಬಿ ಅಲ್ಲೇ ಕೂರುತ್ತದೆ. ದಂಡೆಯ ದೋಣಿಗೆ ಹಗುರವೇ ಪ್ರಾಣ, ಆಳದ ಕಡಲಿನಲ್ಲಿ ಭಾರಕ್ಕೇ ಬೆಲೆ. ಈ ಜಗಳ ಹಳೆಯದು. 1952ರ ಒಪ್ಪಂದದಿಂದ ಕೇರಳದ ನೀಂಡಕರ ಸುತ್ತ ಶುರುವಾಗಿ 1960ರ ದಶಕದಲ್ಲಿ ಕಾರವಾರಕ್ಕೂ ಬಂದ ಇಂಡೋ–ನಾರ್ವೇಜಿಯನ್ ಯೋಜನೆಯವರು ಮೊದಲು ಊರಿನ ದೋಣಿಗಳಿಗೇ ಎಂಜಿನ್ ಕೂರಿಸಲು ನೋಡಿದರು. ಅದು ಹೊಂದಲಿಲ್ಲ. ಬೇರೆಯೇ ಬಗೆಯ, ಎಂಜಿನ್ನಿಗೆಂದೇ ಕಟ್ಟಿದ ದೋಣಿ ತಂದರು. ಆ ದೋಣಿಗೆ ನಿಲ್ಲಲು ಮರಳ ದಂಡೆ ಸಾಲದು, ಬಂದರು ಬೇಕು. ಬಂದರಿದ್ದ ಊರು ಬೆಳೆಯಿತು, ಬರಿ ದಂಡೆಯಿದ್ದ ಊರು ನಾಡದೋಣಿಯಲ್ಲೇ ಉಳಿಯಿತು. ಮುಂದೆ 1979ರಲ್ಲಿ ಮದ್ರಾಸಿನಲ್ಲಿ ನೆಲೆ ಮಾಡಿದ ಬಂಗಾಳ ಕೊಲ್ಲಿ ಕಾರ್ಯಕ್ರಮದವರು ಪೂರ್ವ ಕರಾವಳಿಯ ದಂಡೆಗಾಗಿ ದೋಣಿ ರೂಪಿಸುವಾಗ, ದಡ ಮುಟ್ಟುವ ಹೊತ್ತಿಗೆ ಎಂಜಿನ್ನಿನ ಜೊತೆ ಫ್ಯಾನನ್ನೂ (ನೀರನ್ನು ತಳ್ಳುವ ಪ್ರೊಪೆಲ್ಲರ್) ಮೇಲೆತ್ತುವ ವ್ಯವಸ್ಥೆ ಮಾಡಬೇಕಾಯಿತು. ಅದೇ ಕರಾವಳಿಯ ಕಟ್ಟುಮರವನ್ನು ನೆನೆದರೆ ನನಗೆ ಈಗಲೂ ಗೌರವ ಮೂಡುತ್ತದೆ. ಮರದ ದಿಮ್ಮಿಗಳ ನಡುವಿನಿಂದ ನೀರು ಸೋರಿ ಹೋಗುತ್ತದೆ, ಹೀಗಾಗಿ ತುಂಬಿ ಮುಳುಗುವ ಮಾತೇ ಇಲ್ಲ. ಮೈಯೆಲ್ಲ ನೆನೆಯುತ್ತದೆ, ಮೀನು ಹೊರುವುದು ಸ್ವಲ್ಪವೇ. ತೆರೆ ದಾಟುವುದೊಂದೇ ಲೆಕ್ಕವಾದರೆ ಅದಕ್ಕಿಂತ ಜಾಣ ಉಪಾಯ ಯಾರೂ ಕಂಡುಹಿಡಿದಿಲ್ಲ.

ಇನ್ನು ಅಗಲ. ಅಂಗಡಿಯಲ್ಲಿ "ಅಗಲ ಜಾಸ್ತಿ ಇದೆ, ಅಲುಗಾಡುವುದಿಲ್ಲ" ಎಂದು ಹೇಳಿ ದೋಣಿ ಮಾರುತ್ತಾರೆ. ಅದರಲ್ಲಿ ಸತ್ಯವಿದೆ. ಅಗಲವನ್ನು ಕಾಲು ಭಾಗ ಹೆಚ್ಚಿಸಿದರೆ, ಅಗಲದಿಂದ ಬರುವ ನಿಲುವಿನ ಬಲ, ಅಂದರೆ ವಾಲದಂತೆ ತಡೆಯುವ ಶಕ್ತಿ, ಸುಮಾರು ಇಮ್ಮಡಿಯಾಗುತ್ತದೆ. ಮೂವರು ಒಂದೇ ಬದಿಗೆ ಬಂದು ಬಲೆ ಎಳೆದರೂ ದೋಣಿ ವಾಲುವುದಿಲ್ಲ. ಆದರೆ ಅಗಲದ ದೋಣಿ ನೀರಿನ ಮೇಲ್ಮೈಗೆ ಅಂಟಿಕೊಂಡಿರುತ್ತದೆ. ತೆರೆಯ ಬದಿ ಎಷ್ಟು ವಾಲಿದೆಯೋ ದೋಣಿಯೂ ಅಷ್ಟೇ ವಾಲುತ್ತದೆ, ಥಟ್ಟನೆ ವಾಪಸು ಬರುತ್ತದೆ. ಒಳಗಿರುವವರ ಕಾಲು ನಿಲ್ಲುವುದಿಲ್ಲ, ಸೊಂಟ ನೋಯುತ್ತದೆ. ಮಗುಚಿದರಂತೂ ಅಷ್ಟೇ ಭದ್ರವಾಗಿ ತಲೆಕೆಳಗಾಗಿ ನಿಲ್ಲುತ್ತದೆ. ಇಕ್ಕಟ್ಟಿನ ದೋಣಿ ಮೆಲ್ಲಗೆ ತೂಗುತ್ತದೆ, ತೆರೆಯನ್ನು ಕತ್ತರಿಸಿ ಹೋಗುತ್ತದೆ, ಆದರೆ ಭಾರವನ್ನು ಮೇಲೆ ಹೇರಿದರೆ ಕ್ಷಮಿಸುವುದಿಲ್ಲ.

ಇಲ್ಲಿಗೆ ಕಾನೂನೂ ಬಂದು ಸೇರುತ್ತದೆ. ನಮ್ಮ ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧ. 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗೆ ಮಾತ್ರ ಅವಕಾಶ. ಮೀನಿನ ಸಂತತಿಯ ದೃಷ್ಟಿಯಿಂದ ಈ ನಿಯಮ ಸರಿ ಎಂದೇ ನನ್ನ ನಂಬಿಕೆ. ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ಕಡಲು ಅತಿ ಹೆಚ್ಚು ಕೆರಳಿರುವ ತಿಂಗಳುಗಳಲ್ಲಿ ಅತಿ ಸಣ್ಣ ದೋಣಿ, ಅತಿ ಕಡಿಮೆ ಎಂಜಿನ್ನಿನೊಂದಿಗೆ ಅಳಿವೆ ದಾಟುತ್ತದೆ. ಮಳೆಗಾಲದ ಸಿಗಡಿ, ಬಂಗುಡೆಯನ್ನೇ ನಂಬಿದವರು 10 ಅಶ್ವಶಕ್ತಿಗೆ ಸುಲಭವಾಗಿ ಓಡುವ, ಹಗುರವಾದ, ತೀರಾ ಅಗಲವಲ್ಲದ ದೋಣಿಯನ್ನೇ ಆರಿಸಬೇಕು. ಅಗಲವಾದ ಭಾರದ ದೋಣಿಗೆ ಅದೇ ಎಂಜಿನ್ ಹಾಕಿದರೆ, ಸೆಳೆತಕ್ಕೆ ಎದುರಾಗಿ ಒಳಗೆ ಬರುವಾಗ ಅದು ನಿಂತಲ್ಲೇ ನಿಲ್ಲುತ್ತದೆ.

ದೋಣಿಯ ಹಿಂಬದಿಯನ್ನು ಕೊಳ್ಳುವವರು ಸಾಮಾನ್ಯವಾಗಿ ನೋಡುವುದೇ ಇಲ್ಲ. ಎಲ್ಲರ ಕಣ್ಣು ಎತ್ತಿದ ಮೂತಿಯ ಮೇಲೆ, ಅದರ ಬಣ್ಣದ ಮೇಲೆ. ಅಳಿವೆಯಲ್ಲಿ ತೆರೆ ಮೊದಲು ಮುಟ್ಟುವುದು ಹಿಂಬದಿಯನ್ನು. 2 ಮೀಟರ್ ಆಳದ ನೀರಿನಲ್ಲಿ ತೆರೆ ಓಡುವ ವೇಗ ಗಂಟೆಗೆ ಎಂಟೂವರೆ ನಾಟಿಕಲ್ ಮೈಲು, 3 ಮೀಟರ್ ಆಳದಲ್ಲಿ ಹತ್ತಕ್ಕಿಂತ ಹೆಚ್ಚು. ನೀರನ್ನು ಸೀಳಿಕೊಂಡು ಹೋಗುವ 25 ಅಡಿಯ ದೋಣಿ ಸಲೀಸಾಗಿ ಹೋಗಬಲ್ಲ ವೇಗ ಏಳನ್ನೂ ಮುಟ್ಟುವುದಿಲ್ಲ, ಹೊರಗೆ ಹರಿಯುವ ಸೆಳೆತ ಅದರಲ್ಲೂ ಪಾಲು ಕೇಳುತ್ತದೆ. ಆದ್ದರಿಂದ ಹೇರಿದ ದೋಣಿಯನ್ನು ತೆರೆ ಹಿಂದಿನಿಂದ ಬಂದು ಹಿಡಿದೇ ಹಿಡಿಯುತ್ತದೆ. ಹಿಡಿದಾಗ ಹಿಂಬದಿ ಮೇಲೇಳುತ್ತದೆ, ಮೂತಿ ಕೆಳಗಿಳಿದು ನೀರಿಗೆ ನೆಡುತ್ತದೆ, ನೆಟ್ಟ ಮೂತಿಯ ಸುತ್ತ ದೋಣಿ ತಿರುಗಿ ತೆರೆಗೆ ಅಡ್ಡ ಬೀಳುತ್ತದೆ. ಆಮೇಲೆ ಮೇಲೆ ಹೇಳಿದ ಶೇ. 30ರ ಲೆಕ್ಕ. ಅಳಿವೆಯ ಅವಘಡಗಳಲ್ಲಿ ಬಹುಪಾಲು ನಡೆಯುವುದು ಹೀಗೆಯೇ.

ನಮ್ಮ ಹಳೆಯ ದೋಣಿಗಳು ಎರಡೂ ತುದಿಗೆ ಚೂಪಾಗಿದ್ದದ್ದು ಚಂದಕ್ಕಲ್ಲ. ಚೂಪಾದ ಹಿಂಬದಿ ತೆರೆಯನ್ನು ಇಬ್ಭಾಗ ಮಾಡಿ ಎರಡು ಪಕ್ಕಕ್ಕೆ ಕಳಿಸುತ್ತಿತ್ತು, ತೆರೆ ದೋಣಿಯ ಕೆಳಗೆ ಜಾರಿ ಮುಂದೆ ಹೋಗುತ್ತಿತ್ತು. ಎಂಜಿನ್ ಬಂದ ಮೇಲೆ ಅದನ್ನು ತೂಗುಹಾಕಲು ಚಪ್ಪಟೆ ಹಿಂಬದಿ ಬೇಕಾಯಿತು. ಜಾಗ ಹೆಚ್ಚಾಯಿತು, ಎಂಜಿನ್ನಿನ ಭಾರ ಹೊರುವ ಶಕ್ತಿಯೂ ಬಂತು. ಜೊತೆಗೆ ಹಿಂದಿನ ತೆರೆಗೆ ಒಂದು ಹಲಗೆ ಒಡ್ಡಿದಂತೆಯೂ ಆಯಿತು. ಎಂಜಿನ್ ಕೂರಿಸಲು ಆ ಹಲಗೆಯ ನಡುವೆ ತಗ್ಗು ಕತ್ತರಿಸಿದ್ದರೆ ತೆರೆ ಅಲ್ಲಿಂದಲೇ ಒಳಗೆ ಬರುತ್ತದೆ. ಚಪ್ಪಟೆ ಹಿಂಬದಿಯನ್ನು ಬಿಡಿ ಎಂದು ಇಂದು ಯಾರಿಗೂ ಹೇಳಲಾಗದು. ಆದರೆ ಆರಿಸುವಾಗ ಕೆಳಭಾಗ ಕಿರಿದಾಗಿ ಮೇಲ್ಭಾಗ ಅಗಲವಾಗಿರುವ ಹಿಂಬದಿಯನ್ನು ಹುಡುಕಿ. ಎಂಜಿನ್ನಿನ ತಗ್ಗಿನ ಹಿಂದೆ, ದೋಣಿಯ ಒಳಗೆ, ನೀರು ತಡೆಯುವ ಇನ್ನೊಂದು ಅಡ್ಡಗೋಡೆ ಇರಲಿ. ಎರಡಡಿ ಜಾಗ ಹೋಗುತ್ತದೆ. ಹೋಗಲಿ. ಮೂತಿ ತೀರಾ ಚೂಪಾಗಿ ಆಳಕ್ಕೆ ಇಳಿದಿದ್ದರೆ ಎದುರು ತೆರೆಯಲ್ಲಿ ಹಿತವಾಗಿರುತ್ತದೆ, ಬೆನ್ನಿನ ತೆರೆಯಲ್ಲಿ ಅದೇ ಮೂತಿ ನೆಡುತ್ತದೆ. ಮೂತಿಯ ಮೇಲ್ಭಾಗ ಹೊರಕ್ಕೆ ಅರಳಿರಲಿ, ಆಗ ಮುಳುಗಲು ಹೋದ ಮೂತಿಯನ್ನು ನೀರೇ ಎತ್ತುತ್ತದೆ.

ಅಂಚಿನ ಎತ್ತರದ ಲೆಕ್ಕ ಬಲೆ ಎಳೆಯುವವನ ಬೆನ್ನಿಗೆ ಗೊತ್ತು. ಅಂಚು ಮೊಣಕಾಲ ಮಟ್ಟಕ್ಕಿದ್ದರೆ ಬಲೆ ಸುಲಭವಾಗಿ ಬರುತ್ತದೆ, ಆದರೆ ದೋಣಿ ಒಮ್ಮೆ ತೂಗಿದರೆ ಎಳೆಯುವವನೇ ಬಲೆಯ ಜೊತೆ ಹೊರಗೆ. ತೊಡೆ ಮಟ್ಟಕ್ಕಿದ್ದರೆ ಆಧಾರ ಸಿಗುತ್ತದೆ, ತೆರೆಯ ನೀರೂ ಕಡಿಮೆ ಬೀಳುತ್ತದೆ. ಆದರೆ ಬಗ್ಗಿ ಎತ್ತುವ ಶ್ರಮ ಹೆಚ್ಚು, ಗಾಳಿ ಹಿಡಿದು ದೋಣಿ ಪಕ್ಕಕ್ಕೆ ಸರಿಯುತ್ತದೆ. ನೀರಿನಲ್ಲಿ ಗೋಡೆಯಂತೆ ಇಳಿಬಿಡುವ ಕಂತಬಲೆ ಹಾಕುವ ಇಬ್ಬರು ಮೂವರ ದೋಣಿಗೆ ನಡುಭಾಗದಲ್ಲಿ ಅಂಚು ತಗ್ಗಿಸಿ, ಮುಂದೆ ಹಿಂದೆ ಎತ್ತರಿಸಿದ ಆಕಾರ ಒಳ್ಳೆಯದು. ನೆನಪಿಡಬೇಕಾದ್ದು, ಖಾಲಿ ದೋಣಿಯ ಅಂಚನ್ನು ಅಳೆದು ಪ್ರಯೋಜನವಿಲ್ಲ. ಬಲೆ, ಮಂಜುಗಡ್ಡೆ, ಇಂಧನ, ಜನ, ಮೀನು ಎಲ್ಲ ಬಿದ್ದ ಮೇಲೆ ನೀರಿನಿಂದ ಎಷ್ಟು ಮೇಲೆ ಉಳಿದಿದೆ ಎಂಬುದೇ ಅಂಚು.

ಇನ್ನು ಒಳಗೆ ಬಿದ್ದ ನೀರು. 9 ಮೀಟರಿನ ದೋಣಿಯೊಳಗೆ ಸುಮಾರು 12 ಚದರ ಮೀಟರ್ ನೆಲವಿದೆ ಎಂದುಕೊಳ್ಳಿ. ಅಲ್ಲಿ ಒಂದು ಗೇಣಿಗಿಂತ ಕಡಿಮೆ, 15 ಸೆಂಟಿಮೀಟರ್ ನೀರು ನಿಂತರೆ ಅದರ ತೂಕ ಸುಮಾರು 1,800 ಕಿಲೋ. ಮೀನಿನಂತೆ ಅದು ಒಂದೆಡೆ ಕೂರುವುದೂ ಇಲ್ಲ. ದೋಣಿ ಎಡಕ್ಕೆ ವಾಲಿದರೆ ಅಷ್ಟೂ ನೀರು ಎಡಕ್ಕೆ ಓಡಿ ಇನ್ನಷ್ಟು ವಾಲಿಸುತ್ತದೆ. ಬುಟ್ಟಿಗೆ ತುಂಬದೆ ನೆಲಕ್ಕೆ ಸುರಿದ ಬೂತಾಯಿಯೂ ಅದೇ ಕೆಲಸ ಮಾಡುತ್ತದೆ. ನೆಲವನ್ನು ಉದ್ದಕ್ಕೂ ಅಡ್ಡಕ್ಕೂ ಹಲಗೆ ಹಾಕಿ ನಾಲ್ಕಾರು ಕೋಣೆ ಮಾಡಿದರೆ ಈ ಓಟ ನಿಲ್ಲುತ್ತದೆ. ದೋಣಿಯಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಜೀವ ಕಾಯುವ ಇನ್ನೊಂದು ವಸ್ತುವಿಲ್ಲ, ಆದರೂ ಬಲೆ ಸಿಕ್ಕಿಕೊಳ್ಳುತ್ತದೆ ಎಂದು ಅದನ್ನು ಕಿತ್ತು ಹಾಕುವವರನ್ನು ಕಂಡು ನನಗೆ ತುಂಬ ಬೇಸರವಾಗುತ್ತದೆ.

ಮುಚ್ಚಿದ ಅಟ್ಟ (ಡೆಕ್) ಹಾಕಿ ನೀರು ತಾನಾಗಿ ಹೊರಹೋಗುವಂತೆ ಮಾಡಬಹುದು. ಅದಕ್ಕೆ ಅಟ್ಟವು ಹೊರಗಿನ ನೀರಿನ ಮಟ್ಟಕ್ಕಿಂತ ಮೇಲಿರಬೇಕು, ಹೇರಿದಾಗಲೂ. ಆಗ ನಿಂತ ಜನ, ಇಟ್ಟ ಮೀನು ಎಲ್ಲ ಮೇಲಕ್ಕೇರಿ ದೋಣಿಯ ತಲೆ ಭಾರವಾಗುತ್ತದೆ. ಅಗಲ ಕಡಿಮೆಯಿರುವ ನಾಡದೋಣಿಗೆ ಇದು ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಮೂತಿಯ ಕಡೆ ಮೂರನೇ ಒಂದು ಭಾಗಕ್ಕೆ ಮಾತ್ರ ಮುಚ್ಚಿಗೆ ಹಾಕಿ, ಉಳಿದದ್ದನ್ನು ತೆರೆದಿಟ್ಟು, ತೇಲುವ ಫೋಮ್ ತುಂಬಿಸುವುದು ಮೇಲು. ಒಂದು ಘನ ಮೀಟರ್ ಫೋಮ್ ಹತ್ತಿರ ಹತ್ತಿರ ಒಂದು ಟನ್ ಭಾರವನ್ನು ತೇಲಿಸುತ್ತದೆ. ಅದನ್ನು ಎಲ್ಲಿ ತುಂಬಿದ್ದಾರೆ ಎಂದು ಕೇಳಿ. ನೆಲದಡಿಯಲ್ಲೇ ಎಲ್ಲವನ್ನೂ ತುಂಬಿದ್ದರೆ ನೀರು ತುಂಬಿದ ದೋಣಿ ತೇಲುತ್ತದೆ, ಆದರೆ ತಲೆಕೆಳಗಾಗಿ. ಎರಡು ಪಕ್ಕದ ಅಂಚಿನ ಕೆಳಗೆ ಹಂಚಿ ತುಂಬಿದ್ದರೆ ನೆಟ್ಟಗೆ ತೇಲುತ್ತದೆ, ಜನ ಒಳಗೇ ಕುಳಿತು ನೀರು ಎತ್ತಿ ಹಾಕಬಹುದು.

ಮರವೋ ಫೈಬರೋ ಎಂಬ ಚರ್ಚೆ ಈಗ ಬಹುಮಟ್ಟಿಗೆ ಮುಗಿದಿದೆ. ಹುರಿಯಿಂದ ಹೊಲಿದ ಹಲಗೆಯ ದೋಣಿ ದಡಕ್ಕೆ ಬಡಿದಾಗ ಬಳುಕಿ ಪೆಟ್ಟು ತಿನ್ನುತ್ತಿತ್ತು, ಆದರೆ ವರ್ಷವರ್ಷ ಬಿಚ್ಚಿ ಹೊಲಿಯಬೇಕಿತ್ತು. ಅಂಥ ಮರವೂ ಈಗಿಲ್ಲ, ಹೊಲಿಯುವ ಕೈಗಳೂ ವಿರಳ. ಫೈಬರ್ ಹಗುರ, ಕೊಳೆಯುವುದಿಲ್ಲ. ಆದರೆ ದಂಡೆಯ ಮೇಲೆ ಎಳೆದೆಳೆದು ತಳ ಸವೆಯುತ್ತದೆ, ಸವೆದಲ್ಲಿ ನೀರು ಒಳಪದರಕ್ಕೆ ಇಳಿಯುತ್ತದೆ. ತಳದ ಉದ್ದಕ್ಕೂ ಸವೆಯಲೆಂದೇ ಒಂದು ಮರದ ಪಟ್ಟಿ ಜೋಡಿಸಿ, ಅದನ್ನು ಆಗಾಗ ಬದಲಿಸಿ.

ಎಂಜಿನ್ನಿನ ಬಗ್ಗೆ ಎರಡೇ ಮಾತು. ಅದರಿಂದ ಫ್ಯಾನಿನವರೆಗೆ ಇಳಿಯುವ ದಂಡ ಗಿಡ್ಡವೋ ಉದ್ದವೋ ನೋಡಿ. ಗಿಡ್ಡದ್ದು ಸುಮಾರು 15 ಇಂಚಿನ ಹಿಂಬದಿಗೆ, ಉದ್ದದ್ದು 20 ಇಂಚಿನದ್ದಕ್ಕೆ. ತೂಫಾನಿನಲ್ಲಿ ಹಿಂಬದಿ ಎದ್ದಾಗ ಗಿಡ್ಡ ದಂಡದ ಫ್ಯಾನ್ ಗಾಳಿಯಲ್ಲಿ ತಿರುಗಿ ಹಿಡಿತ ತಪ್ಪುತ್ತದೆ, ಅದೂ ಹಿಡಿತ ಅತ್ಯಗತ್ಯವಾದ ಕ್ಷಣದಲ್ಲಿ. ಉದ್ದದ ದಂಡ ದಿಬ್ಬದ ಮರಳಿಗೆ ತಾಗುತ್ತದೆ, ಬಲೆಗೂ ಬೇಗ ಸಿಕ್ಕುತ್ತದೆ. ಅಳಿವೆ ದಾಟುವವರಿಗೆ ನಾನು ಉದ್ದದ್ದನ್ನೇ ಹೇಳುತ್ತೇನೆ, ದಂಡೆಗೆ ಬರುವವರು ಗಿಡ್ಡದ್ದರಲ್ಲೇ ಇರಬೇಕಾಗುತ್ತದೆ. ಎರಡನೆಯದು, ಫ್ಯಾನಿಗೆ ಬಲೆ ಸುತ್ತಿದ ಮೇಲೆ ದೋಣಿಯ ಮೂತಿಯನ್ನು ತೆರೆಗೆ ಎದುರಾಗಿ ಹಿಡಿಯಲು ಏನಿದೆ ಎಂಬುದು. ಎರಡು ಗಟ್ಟಿ ಹುಟ್ಟು, ಉದ್ದ ಹಗ್ಗದ ಲಂಗರು ಕೈಗೆ ಸಿಗುವಂತಿರಬೇಕು.

ಇಷ್ಟೆಲ್ಲ ಕೇಳಿದ ಮೇಲೆ "ನೀವಾದರೆ ಯಾವುದು ತಕೊಳ್ತೀರಿ?" ಎಂಬ ಪ್ರಶ್ನೆ ಬರುತ್ತದೆ. ಬಯಲು ದಂಡೆಯಿಂದ ಮೂವರು ಹೋಗುವುದಾದರೆ ಏಳು ಮೀಟರಿನ ಆಸುಪಾಸಿನ, ಹಗುರ ಫೈಬರಿನ, ಅರಳಿದ ಮೂತಿಯ ದೋಣಿ. ಅದು ಹೆಚ್ಚು ಮೀನು ಹೊರುವುದಿಲ್ಲ, ತೆರೆ ಎದ್ದ ದಿನ ಮನೆಯಲ್ಲೇ ಉಳಿಯಬೇಕು ಎಂಬುದನ್ನು ಒಪ್ಪಿಕೊಂಡೇ ಕೊಳ್ಳುತ್ತೇನೆ. ಅಳಿವೆ ದಾಟಿ ಹೊಳೆಯೊಳಗೆ ನಿಲ್ಲಿಸುವುದಾದರೆ 9 ಮೀಟರ್, ಹಿಂದೆ ಅಡ್ಡಗೋಡೆ, ಪಕ್ಕಗಳಲ್ಲಿ ಫೋಮ್. ಬಂದರಿನ ಆಸರೆ ಇದ್ದವರು ಮಾತ್ರ ಅಗಲ, ಭಾರದ ಆಸೆ ಪಡಬಹುದು.

ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ಬ್ರಿಟನ್ನಿನ ಸಣ್ಣ ದೋಣಿಗಳ ಮೀನುಗಾರರಿಗೂ ಇದನ್ನು ಹೇಳಿಕೊಡುತ್ತಾರೆ. ಹೊಳೆಯ ನಿಂತ ನೀರಿನಲ್ಲಿ ದೋಣಿಯನ್ನು ಹಗ್ಗ ಸಡಿಲ ಬಿಟ್ಟು ನಿಲ್ಲಿಸಿ. ಮೀನು, ಬಲೆಯ ತೂಕಕ್ಕೆ ಸಮನಾಗಿ ಮರಳಿನ ಚೀಲ ಹೇರಿ, ಅವು ನಿಜವಾಗಿ ಇರುವ ಎತ್ತರದಲ್ಲೇ. ಅಂಚು ಹಿಡಿದು ತೂಗಿ ಬಿಡಿ. ಒಂದು ಪಕ್ಕಕ್ಕೆ ಹೋಗಿ, ಇನ್ನೊಂದು ಪಕ್ಕ ಮುಟ್ಟಿ, ಹೊರಟಲ್ಲಿಗೆ ಬಂದರೆ ಒಂದು ತೂಗು. ನಾಲ್ಕು ಸಲ ಮೊಬೈಲಿನಲ್ಲಿ ಹೊತ್ತು ಅಳೆದು ಸರಾಸರಿ ತೆಗೆಯಿರಿ. ಆ ಸೆಕೆಂಡು ದೋಣಿಯ ಅಗಲದ ಮೀಟರಿಗಿಂತ ಕಡಿಮೆ ಬಂದರೆ ನಿಲುವು ಸಾಕಷ್ಟಿದೆ ಎಂದು ತಿಳಿಯಬಹುದು. ಎರಡೂಕಾಲು ಮೀಟರ್ ಅಗಲದ ದೋಣಿ ಒಂದು ತೂಗಿಗೆ ಮೂರು ಸೆಕೆಂಡು ತೆಗೆದುಕೊಂಡರೆ, ಮೇಲಿನ ಎರಡು ಚೀಲ ಇಳಿಸಿ ಇನ್ನೊಮ್ಮೆ ತೂಗಿ. ಆಗಲೂ ಮೂರೇ ಬಂದರೆ ಮುಂಗಡ ಕೊಡಬೇಡಿ, ಬೇರೆ ದೋಣಿ ನೋಡಿ.